ನಾಲ್ಕು ಕಡೆ ಭದ್ರ

ಮನೆಯಲ್ಲಿ ಇಬ್ಬರೇ, ಫೋನು ಮೂರು, ಲ್ಯಾಪ್‌ಟಾಪ್ ಒಂದು, ಬೀರುವಿನ ಸೀರೆಗಳ ನಡುವೆ ಹಾರ್ಡ್‌ಡಿಸ್ಕ್ ಬೇರೆ. “ಮೂರು ಪ್ರತಿ ಇರಬೇಕಮ್ಮ, ಒಂದು ಮನೆಯ ಹೊರಗೆ” ಎನ್ನುತ್ತಾನೆ ಮಗ. ಮಾತು ಸರಿಯೇ. ಗೂಗಲ್ ಫೋಟೋಸ್‌ಗೂ 2021ರ ಜೂನ್‌ನಿಂದ 15 ಜಿಬಿ ದಾಟಿದರೆ ಬಾಡಿಗೆ. ಆದರೆ ಕೂಡಿಟ್ಟಿದ್ದನ್ನು ನೋಡುವವರು ಯಾರು?

ಮೈಸೂರಿನ ಶಾಮಾಶಾಸ್ತ್ರಿಗಳು 1909ರಲ್ಲಿ ಅರ್ಥಶಾಸ್ತ್ರವನ್ನು ಅಚ್ಚಿಗೆ ತಂದದ್ದು, ಹಿಂದೆ ಯಾರೋ ತಾಳೆಗರಿಯಲ್ಲಿ ನಕಲು ಮಾಡಿಟ್ಟಿದ್ದರಿಂದ. ಆ ಪುಣ್ಯಾತ್ಮ ಒಂದೊಂದು ಅಕ್ಷರವನ್ನೂ ನೋಡಿಯೇ ಬರೆದಿರಬೇಕು. ನನ್ನ ಫೋನು ನಾನು ಮಲಗಿದಾಗ ನಕಲು ಮಾಡುತ್ತದೆ. ಅತ್ತೆಯವರ ಕೊನೆಯ ದಿನಗಳ ವಿಡಿಯೋ ನಾಲ್ಕು ಕಡೆ ಭದ್ರವಾಗಿದೆ. ಅಳಿಸಲು ಮನಸ್ಸಿಲ್ಲ, ನೋಡಲು ಧೈರ್ಯವಿಲ್ಲ. ಜೋಪಾನ ಮಾಡಿದ್ದೇವೆಂಬ ಸಮಾಧಾನವೇ ನೆನೆಯುವ ಕೆಲಸಕ್ಕೆ ರಜೆ ಕೊಟ್ಟಿತೇನೋ! ಅವರ ಕೈಬರಹದ ಹಪ್ಪಳದ ಚೀಟಿಗೆ ಮಾತ್ರ ನಕಲಿಲ್ಲ. ಬೇಸಿಗೆ ಬಂದಾಗಲೆಲ್ಲ ಬಿಡಿಸಿ ಓದುತ್ತೇನೆ.