ನಾಯಿಯ ಹಗಲು

ಸಾಕುವುದು ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಹಿರಿದಾದ ಅರ್ಥವುಂಟು. ಮಕ್ಕಳನ್ನು ಸಾಕುತ್ತೇವೆ, ವೃದ್ಧರಾದ ತಂದೆತಾಯಿಗಳನ್ನು ಸಾಕುತ್ತೇವೆ, ಹಸುವನ್ನೂ ನಾಯಿಯನ್ನೂ ಸಾಕುತ್ತೇವೆ. ಕೊಂಡು ತಂದ ಪದಾರ್ಥವನ್ನು ಇಟ್ಟುಕೊಳ್ಳುತ್ತೇವೆಯೇ ಹೊರತು ಸಾಕುವುದಿಲ್ಲ. ಹಾಗಾದರೆ, ಬೆಳಗ್ಗೆ ಎಂಟು ಗಂಟೆಗೆ ಬಾಗಿಲಿಗೆ ಬೀಗವಿಕ್ಕಿ ಹೊರಟು ಸಂಜೆ ಏಳು ಗಂಟೆಗೆ ಮರಳುವ ಗೃಹಸ್ಥನು ಅಂಗಳದಲ್ಲಿ ಕಟ್ಟಿಹಾಕಿದ ನಾಯಿಯನ್ನು ಸಾಕುತ್ತಿದ್ದಾನೆಯೆ, ಇಲ್ಲವೆ ಇಟ್ಟುಕೊಂಡಿದ್ದಾನೆಯೆ? ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವಾಗಿ ಕಾಣಬಹುದು. ಆದರೆ ನಮ್ಮನ್ನೇ ನೆಚ್ಚಿದ ಒಂದು ಜೀವಕ್ಕೆ ನಾವು ಏನನ್ನು ಸಲ್ಲಿಸಬೇಕಾಗಿದೆ ಎಂಬ ದೊಡ್ಡ ಪ್ರಶ್ನೆಯು ಇದರೊಳಗೆ ಅಡಗಿರುವುದರಿಂದ, ಇದನ್ನು ಸಾವಧಾನವಾಗಿ ವಿಚಾರಿಸುವುದು ಅನುಚಿತವಾಗಲಾರದು.

ನಮ್ಮ ಸೀಮೆಗೆ ಈ ಪ್ರಶ್ನೆಯು ಹಳೆಯದಲ್ಲ. ಒಕ್ಕಲುತನದ ಮನೆಗೆ ಹಗಲು ಹೊತ್ತಿನಲ್ಲಿ ಬೀಗ ಬೀಳುವುದು ಅಪರೂಪವಾಗಿತ್ತು. ಗಂಡಸರು ಅರಿಸಿನದ ಹೊಲಕ್ಕೋ ಈರುಳ್ಳಿಯ ತಾಕಿಗೋ ಹೋದರೆ ಜಗುಲಿಯ ಮೇಲೆ ಮುದುಕರೊಬ್ಬರಾದರೂ ಕುಳಿತಿರುವರು. ಒಳಗೆ ಮಕ್ಕಳ ಸದ್ದಿರುವುದು. ನಾಯಿಯು ಒಮ್ಮೆ ಒಡೆಯನ ಹಿಂದೆ ಹೊಲಕ್ಕೆ ಹೋಗುವುದು, ಒಮ್ಮೆ ದನಗಳ ಜೊತೆ ನಡೆಯುವುದು, ಒಮ್ಮೆ ಬೀದಿಯ ಕೊನೆಯ ಹುಣಿಸೆಯ ನೆರಳಿನಲ್ಲಿ ತನ್ನ ಸಂಗಡಿಗರನ್ನು ಕೂಡುವುದು, ಹಸಿದಾಗ ಮನೆಗೆ ಬರುವುದು. "ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ" ಎಂಬ ಗಾದೆಯನ್ನು ಕಟ್ಟಿದವರು ಕಂಡದ್ದು ಈ ನಾಯಿಯನ್ನು. ಗಾದೆಯು ಹಾಸ್ಯಕ್ಕಾಗಿ ಹುಟ್ಟಿದ್ದರೂ ಅದರಲ್ಲೊಂದು ಸತ್ಯವಿದೆ: ಆ ನಾಯಿಗೆ ತನ್ನದೆಂಬ ಒಂದು ಹಗಲಿತ್ತು. ಆ ಬಾಳು ಸುಖಮಯವಾಗಿತ್ತೆಂದು ಹೇಳಲಾಗದು. ಹಸಿವು, ಕಜ್ಜಿ, ಹುಚ್ಚುರೋಗ, ಕಲ್ಲೇಟು ಎಲ್ಲವೂ ಅದರ ಪಾಲಿಗಿದ್ದವು. ಒಂಟಿತನವೊಂದು ಮಾತ್ರ ಇರಲಿಲ್ಲ.

ಈಗ ಮನೆಗಳ ರೀತಿಯೇ ಬದಲಾಗಿದೆ. 1997ರಲ್ಲಿ ಚಾಮರಾಜನಗರವು ಮೈಸೂರಿನಿಂದ ಬೇರ್ಪಟ್ಟು ತಾನೇ ಒಂದು ಜಿಲ್ಲೆಯಾಯಿತು. ಕಚೇರಿಗಳು ಬಂದವು, ಅವುಗಳ ಹಿಂದೆ ಹೊಸ ಬಡಾವಣೆಗಳೂ ಬಂದವು. ರೈಲಿನಲ್ಲಿ ನಂಜನಗೂಡಿನ ಕಾರ್ಖಾನೆಗಳಿಗೂ ಮೈಸೂರಿನ ಕಚೇರಿಗಳಿಗೂ ಹೋಗಿಬರುವವರುಂಟು. ರೈಲಿಲ್ಲದ ಗುಂಡ್ಲುಪೇಟೆಯವರಿಗೆ ಬಸ್ಸೇ ಗತಿ. ಮೈಸೂರು ಅಲ್ಲಿಂದ ಸುಮಾರು 60 ಕಿಲೋಮೀಟರು. ಪತಿಪತ್ನಿಯರಿಬ್ಬರೂ ಉದ್ಯೋಗಸ್ಥರು, ಮಕ್ಕಳು ಶಾಲೆಯಲ್ಲಿ, ಹಿರಿಯರು ಹಳ್ಳಿಯಲ್ಲಿ. ಮನೆಯು ಬರಿದಾಯಿತು, ಬರಿದಾದ ಮನೆಗೆ ಕಳ್ಳರ ಭಯ, ಭಯಕ್ಕೆ ಪರಿಹಾರವಾಗಿ ಒಂದು ನಾಯಿ. ಇಲ್ಲಿರುವ ವಿಪರ್ಯಾಸವನ್ನು ವಾಚಕರು ಗಮನಿಸಬೇಕು. ಮನೆಯಲ್ಲಿ ಯಾರೂ ಇಲ್ಲವೆಂಬುದೇ ನಾಯಿಯನ್ನು ತರಲು ಕಾರಣ. ತರುವ ಮುನ್ನ ಹಿಂಜರಿಯಬೇಕಾದುದಕ್ಕೂ ಅದೇ ಕಾರಣ.

ಏಕೆಂದರೆ ನಾಯಿಯು ಗುಂಪಿನಲ್ಲಿ ಬಾಳುವ ಪ್ರಾಣಿ. ತೋಳದ ಕುಲದಲ್ಲಿ ಹುಟ್ಟಿ, ಸಾವಿರಾರು ವರ್ಷಗಳಿಂದ ಮನುಷ್ಯನ ಸಂಗದಲ್ಲಿ ಬೆಳೆದು, ತನ್ನ ಗುಂಪಿನ ಸ್ಥಾನದಲ್ಲಿ ಅದು ನಮ್ಮನ್ನು ಇಟ್ಟುಕೊಂಡಿದೆ. ಅನ್ನ, ನೀರು, ನೆರಳು ಇವು ಅದಕ್ಕೆ ಎಷ್ಟು ಅಗತ್ಯವೋ ಸಂಗವೂ ಅಷ್ಟೇ ಅಗತ್ಯ. ಒಂಟಿಯಾಗಿ ಉಳಿದ ನಾಯಿಗಳಲ್ಲಿ ಕೆಲವು ಬಾಗಿಲನ್ನು ಪರಚುತ್ತವೆ, ಕೈಗೆ ಸಿಕ್ಕಿದ ಚಪ್ಪಲಿಯನ್ನು ಕಚ್ಚಿ ಹರಿಯುತ್ತವೆ, ನೆರೆಹೊರೆಯವರು ರೋಸಿಹೋಗುವಂತೆ ಊಳಿಡುತ್ತವೆ. ಸಂಜೆ ದಣಿದು ಬಂದ ಒಡೆಯನು ಇದನ್ನು ತುಂಟತನವೆಂದು ಬಗೆದು ಕೋಲೆತ್ತುವನು. ಅದು ಮಾತು ಬಾರದ ಜೀವವು ತನಗೆ ತಿಳಿದ ಲಿಪಿಯಲ್ಲಿ ಬರೆದ ಅರ್ಜಿ ಎಂದು ಅವನಿಗೆ ತೋರುವುದಿಲ್ಲ. ಇನ್ನು ಕೆಲವು ನಾಯಿಗಳು ಏನನ್ನೂ ಮಾಡದೆ ಸುಮ್ಮನೆ ಮಲಗಿರುತ್ತವೆ. ಅವನ್ನು ನಾವು 'ಬಹಳ ಸಾಧು' ಎಂದು ಹೊಗಳುತ್ತೇವೆ. ಆ ಸಾಧುತನವು ನೆಮ್ಮದಿಯೋ ನಿರಾಶೆಯೋ ಎಂದು ವಿಚಾರಿಸುವವರು ವಿರಳ.

ಇಂಥ ಹೊಗಳಿಕೆಯಲ್ಲಿ ಒಂದು ಆತ್ಮವಂಚನೆಯುಂಟು. ಜಪಾನಿನ ಹಾಚಿಕೋ ಎಂಬ ನಾಯಿಯ ವಿಷಯವು ಲೋಕಪ್ರಸಿದ್ಧವಾದುದು. ತೋಕಿಯೋ ನಗರದ ಶಿಬುಯಾ ನಿಲ್ದಾಣದಲ್ಲಿ ಅದು ತನ್ನ ಒಡೆಯನಾದ ಪ್ರಾಧ್ಯಾಪಕ ಉಯೆನೊ ಅವರನ್ನು ಎದುರುನೋಡುತ್ತಿತ್ತು. 1925ರಲ್ಲಿ ಅವರು ತೀರಿಕೊಂಡ ಮೇಲೂ, 1935ರಲ್ಲಿ ತಾನು ಸಾಯುವವರೆಗೂ, ಅದು ನಿಲ್ದಾಣಕ್ಕೆ ಬರುವುದನ್ನು ಬಿಡಲಿಲ್ಲ. ಅದು ಬದುಕಿದ್ದಾಗಲೇ, 1934ರಲ್ಲಿ, ಜನರು ಅದರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಕಥೆಯನ್ನು ಕೇಳಿ ಕಣ್ಣೀರಿಡದವರಿಲ್ಲ. ಆದರೆ ಸತ್ತ ಒಡೆಯನನ್ನು ಕಾದ ನಾಯಿಗೆ ಕಣ್ಣೀರಿಡುವ ನಾವು, ಬದುಕಿರುವ ಒಡೆಯನನ್ನು ದಿನವೂ ಹನ್ನೊಂದು ಗಂಟೆಗಳ ಕಾಲ ಕಾಯುವ ನಾಯಿಯನ್ನು ಕಂಡು ಹೆಮ್ಮೆಪಡುತ್ತೇವೆ! ಕಾಯುವವನ ನಿಷ್ಠೆಯನ್ನು ಹೊಗಳಿದ ಮಾತ್ರದಿಂದ, ಕಾಯಿಸಿದವನ ಋಣವು ತೀರುವುದಿಲ್ಲ.

ಈ ಋಣದ ಭಾವವು ಕನ್ನಡಿಗರಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಹತ್ತನೆಯ ಶತಮಾನದ ನಡುವಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ಮೆರೆದ ಮಣಲೇರನು, ದೊರೆಯು ಮೆಚ್ಚಿ ಬೇಡಿದುದನ್ನು ಕೊಡುವೆನೆಂದಾಗ, ಊರನ್ನಾಗಲಿ ಹೊನ್ನನ್ನಾಗಲಿ ಬಯಸದೆ ಕಾಳಿ ಎಂಬ ನಾಯಿಯನ್ನು ಬೇಡಿದನು. ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಲಾಗಿ ಎರಡೂ ಸತ್ತುವು. ಮಣಲೇರನು ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪವೆಂದು ಶಾಸನವು ವಿಧಿಸುತ್ತದೆ. ತಾನು ಉಣ್ಣುವ ಮುನ್ನ ನಾಯಿಯನ್ನು ನೆನೆಯಬೇಕು ಎಂಬ ಈ ಕಟ್ಟಳೆಯು ಎಷ್ಟು ಅರ್ಥವತ್ತಾದುದು! ಸತ್ತ ನಾಯಿಗೆ ಸಂದ ಈ ಗಮನದಲ್ಲಿ ಒಂದು ಪಾಲಾದರೂ ನಮ್ಮ ಅಂಗಳದ ಜೀವಂತ ನಾಯಿಗೆ ಸಲ್ಲಬೇಡವೆ?

ಮಹಾಭಾರತದ ಮಹಾಪ್ರಸ್ಥಾನದಲ್ಲಿ ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗವನ್ನೇರಲು ಒಪ್ಪದ ಪ್ರಸಂಗವನ್ನು ಎಲ್ಲರೂ ಬಲ್ಲರು. ಆ ನಾಯಿಯು ಅವನು ಸಾಕಿದುದಲ್ಲ. ಹಿಂಬಾಲಿಸಿ ಬಂದುದು ಅಷ್ಟೆ. ನೆಚ್ಚಿ ಬಂದಿತೆಂಬುದೊಂದೇ ಅವನಿಗೆ ಸಾಕಾದ ಬಂಧನವಾಯಿತು. ಈ ಆದರ್ಶದಿಂದ ಅಳೆದರೆ, ಸಂಬಳವೆಂಬ ಸಣ್ಣ ಸ್ವರ್ಗಕ್ಕಾಗಿ ದಿನವೂ ನಾಯಿಯನ್ನು ಬಿಟ್ಟು ಬಸ್ಸನ್ನೇರುವ ನಾವೆಲ್ಲರೂ ಅಪರಾಧಿಗಳೆ? ಹಾಗೆ ಹೇಳುವುದು ನ್ಯಾಯವಲ್ಲ. ಬಿಟ್ಟುಹೋಗುವುದು ಬೇರೆ, ತೊರೆಯುವುದು ಬೇರೆ. ತಾಯಿಯು ಮಗುವನ್ನು ಬಿಟ್ಟು ಕೂಲಿಗೆ ಹೋಗುತ್ತಾಳೆ, ತೊರೆಯುವುದಿಲ್ಲ. ಆದರೆ ಅವಳು ಹೋಗುವ ಮುನ್ನ ಮಗುವನ್ನು ಯಾರದಾದರೂ ಮಡಿಲಿಗೆ ಒಪ್ಪಿಸುತ್ತಾಳೆ. ಮರಳಿದೊಡನೆ ಮೊದಲು ಅದನ್ನೇ ಎತ್ತಿಕೊಳ್ಳುತ್ತಾಳೆ. ಬಿಟ್ಟುಹೋಗುವುದು ತೊರೆಯುವುದಾಗದಂತೆ ಕಾಪಾಡತಕ್ಕವು ಈ ಎರಡು ಕಾರ್ಯಗಳೇ.

ಇಲ್ಲಿ ಕೆಲವರು ಆಕ್ಷೇಪಿಸಬಹುದು. ಹಗಲೆಲ್ಲ ಮನೆಯಲ್ಲಿರುವವರೇ ನಾಯಿಯನ್ನು ಸಾಕಬೇಕೆಂದರೆ, ದುಡಿದು ಉಣ್ಣುವವರಿಗೆ ಆ ಸ್ನೇಹವೇ ನಿಷಿದ್ಧವಾಗಿ ಅದು ಸಿರಿವಂತರ ಸೊತ್ತಾಗುವುದಿಲ್ಲವೆ? ಬೀದಿಯಲ್ಲಿ ಲಾರಿಯ ಗಾಲಿಗೆ ಸಿಕ್ಕಿ ಸಾಯುವುದಕ್ಕಿಂತ ಅಂಗಳದಲ್ಲಿ ಒಂಟಿಯಾಗಿ ಬದುಕಿರುವುದು ಮೇಲಲ್ಲವೆ? ಬೆಳೆದ ನಾಯಿಯು ಹಗಲಿನ ಬಹುಭಾಗವನ್ನು ಹೇಗೂ ನಿದ್ದೆಯಲ್ಲಿ ಕಳೆಯುವುದಿಲ್ಲವೆ? ಈ ಮೂರು ಮಾತುಗಳಲ್ಲಿಯೂ ತಥ್ಯವಿದೆ. ಆದಕಾರಣ ಉದ್ಯೋಗಸ್ಥರು ನಾಯಿಯನ್ನು ಸಾಕಲೇಬಾರದೆಂಬುದು ನಮ್ಮ ಸಿದ್ಧಾಂತವಲ್ಲ. ಆದರೆ ನಿದ್ರಿಸುವ ನಾಯಿಗೂ ಎದ್ದು ತಿರುಗಾಡುವ ಸ್ವಾತಂತ್ರ್ಯ ಬೇಕು. ಬೀದಿಯ ಅಪಾಯದಿಂದ ತಪ್ಪಿಸಿದೆನೆಂಬುದು, ಸಂಕೋಲೆಗೆ ಸಿಕ್ಕಿಸುವುದಕ್ಕೆ ಸಮರ್ಥನೆಯಾಗಲಾರದು.

ಸಂಕೋಲೆಯ ಮಾತು ನಮ್ಮ ಸೀಮೆಯಲ್ಲಿ ವಿಶೇಷವಾಗಿ ಆಲೋಚಿಸತಕ್ಕದ್ದು. ಬಂಡೀಪುರದ ಕಾಡೂ ಬಿಳಿಗಿರಿರಂಗನ ಬೆಟ್ಟದ ಕಾಡೂ ನಮ್ಮ ಹೊಲಗಳ ಅಂಚಿಗೇ ಬಂದು ನಿಂತಿವೆ. ಚಿರತೆಗೆ ನಾಯಿಯು ಸುಲಭದ ಆಹಾರ; ಸಂಜೆಗತ್ತಲೆಯು ಅದು ಹೊರಡುವ ಹೊತ್ತು. ಒಡೆಯನ ಬಸ್ಸು ತಡವಾದ ದಿನ, ದೀಪವಿಲ್ಲದ ಅಂಗಳದಲ್ಲಿ ಕಟ್ಟಿದ ನಾಯಿಯು ಓಡಲಾರದು, ಅಡಗಲಾರದು. ನಮ್ಮ ಮನೆಯನ್ನು ಕಾಯಲೆಂದು ತಂದ ಜೀವಕ್ಕೆ ತನ್ನನ್ನು ಕಾದುಕೊಳ್ಳುವ ಉಪಾಯವನ್ನೂ ಇಲ್ಲದಂತೆ ಮಾಡಿದರೆ, ಅದಕ್ಕಿಂತ ಹೆಚ್ಚಿನ ಕೃತಘ್ನತೆ ಯಾವುದು? ರಾಜ್ಯಶಾಸನವೂ ಈ ವಿಷಯದಲ್ಲಿ ಮೌನವಾಗಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯು, ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಪ್ರಾಣಿಯನ್ನು ಅತಿಕಾಲ ಕಟ್ಟಿಡುವುದನ್ನು ಅಪರಾಧವೆಂದು ಗಣಿಸಿದೆ. ವಾಡಿಕೆಯಾಗಿ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಯನ್ನು ತಕ್ಕಷ್ಟು ಅಡ್ಡಾಡಿಸದೆ ಅಲಕ್ಷಿಸುವ ಒಡೆಯನನ್ನೂ ಅದು ಬೇರೆಯಾಗಿಯೇ ಹೆಸರಿಸುತ್ತದೆ. ಅಡ್ಡಾಡಿಸುವುದು ಒಡೆಯನ ಕೃಪೆಯಲ್ಲ, ಕರ್ತವ್ಯವೆಂಬುದನ್ನು ಕಾಯಿದೆಯು ಒಪ್ಪಿಕೊಂಡು ಬಹುಕಾಲವಾಯಿತು.

ಹಾಗಾದರೆ ಮಾಡತಕ್ಕದ್ದೇನು? ದಾರಿಗಳು ಕಷ್ಟದವಲ್ಲ. ಎರಡು ತಿಂಗಳ ಮರಿಯನ್ನು ಬರಿದಾದ ಮನೆಗೆ ತರಬಾರದು. ಅದಕ್ಕೆ ಹೊತ್ತುಹೊತ್ತಿಗೆ ಆಹಾರವೂ ಆರೈಕೆಯೂ ಬೇಕು, ಲೋಕದ ಪರಿಚಯವಾಗುವುದೂ ಆಗಲೇ. ಮಾಡಿದರೆ ಬೆಳೆದ ನಾಯಿಯೊಂದಕ್ಕೆ ಆಶ್ರಯವನ್ನು ಕೊಡಬಹುದು. ಹೊರಡುವ ಮುನ್ನ ಒಂದು ಗಂಟೆ, ಬಂದ ಮೇಲೆ ಒಂದು ಗಂಟೆ ಅದರೊಡನೆ ನಡೆಯಬೇಕು. ಸರಪಳಿಯ ಬದಲು ಭದ್ರವಾದ ಬೇಲಿ, ಕತ್ತಲಾಗುವುದರೊಳಗೆ ಸೇರಿಕೊಳ್ಳಲು ಗಟ್ಟಿಯಾದ ಗೂಡು, ತಂಬಿಗೆಯಲ್ಲಲ್ಲ, ತೊಟ್ಟಿಯಲ್ಲಿ ನೀರು ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನೆರೆಮನೆಯಲ್ಲಿ ಹಗಲೆಲ್ಲ ಒಬ್ಬರೇ ಇರುವ ಹಿರಿಯರೊಬ್ಬರಿದ್ದರೆ ಅವರನ್ನು ಬೇಡಿಕೊಳ್ಳಬೇಕು. ಎರಡು ಒಂಟಿತನಗಳು ಕೂಡಿದರೆ ಎರಡೂ ಕರಗುವುದುಂಟು. ಇಷ್ಟೂ ಆಗದವರು ನಾಯಿಯನ್ನು ತಮ್ಮದಾಗಿಸಿಕೊಳ್ಳದೆಯೇ ಪ್ರೀತಿಸಬಹುದು. ಬೀದಿಯ ನಾಯಿಗೆ ಹೊತ್ತಿಗೊಂದು ತುತ್ತನ್ನಿಟ್ಟು, ಹುಚ್ಚುರೋಗದ ಲಸಿಕೆಯನ್ನು ಹಾಕಿಸಿ, ಅದರ ಹಗಲನ್ನು ಅದಕ್ಕೇ ಬಿಟ್ಟುಕೊಡಬಹುದು. ನಮ್ಮ ಹಿರಿಯರ ಜಗುಲಿಗೂ ನಾಯಿಗೂ ಇದ್ದ ನಂಟು ಬಹುಮಟ್ಟಿಗೆ ಇದೇ ಅಲ್ಲವೆ?

ಮರಿಯನ್ನು ಮನೆಗೆ ತರುವ ಮುನ್ನ, ನಮಗೆ ನಾಯಿ ಬೇಕೆ, ಯಾವ ಜಾತಿಯದು ಬೇಕು, ಬೆಲೆಯೆಷ್ಟು ಎಂದೆಲ್ಲ ವಿಚಾರಿಸುತ್ತೇವೆ. ಮಧ್ಯಾಹ್ನ ಎರಡು ಗಂಟೆಗೆ ಅದರ ಬಳಿಯಲ್ಲಿ ಯಾರಿರುವರು ಎಂದು ಮನೆಮಂದಿಯೆಲ್ಲರೂ ಕುಳಿತು ಒಮ್ಮೆ ಕೇಳಿಕೊಂಡರೆ, ಉಳಿದ ಪ್ರಶ್ನೆಗಳ ಉತ್ತರವು ತಾನಾಗಿ ದೊರೆಯುವುದು. ನಾಯಿಯು ತನ್ನ ಆಯುಷ್ಯದ ಹತ್ತುಹನ್ನೆರಡು ವರ್ಷಗಳನ್ನು ಲೆಕ್ಕವಿಡದೆ ನಮಗೆ ಒಪ್ಪಿಸುತ್ತದೆ. ಅದರ ಲೆಕ್ಕವನ್ನು ಇಡಬೇಕಾದವರು ನಾವು.