ಹದ್ದಿಗೂ ಉಂಟೇ ನಮ್ಮ ದಯೆಯಲ್ಲಿ ಪಾಲು?



ಸಂಕ್ರಾಂತಿ ಬಂತೆಂದರೆ ಸೊಲ್ಲಾಪುರದಲ್ಲಿ ಶ್ರೀ ಸಿದ್ಧರಾಮೇಶ್ವರರ ಗಡ್ಡಾ ಯಾತ್ರೆ. ನಂದಿಧ್ವಜಗಳ ಮೆರವಣಿಗೆ ಕಾಣಲು ಅಕ್ಕಲಕೋಟ, ಮೈಂದರ್ಗಿ, ದುಧನಿ ಕಡೆಯಿಂದಲೂ ಜನ ಬರುತ್ತಾರೆ. ಅವೇ ದಿನಗಳಲ್ಲಿ ಮಕ್ಕಳ ಕೈಯಲ್ಲಿ ಗಾಳಿಪಟ.

ಅಂಥ ಒಂದು ಸಂಕ್ರಾಂತಿಯ ಮರುದಿನ ಅಕ್ಕಲಕೋಟ ತಾಲೂಕಿನ ರೈತ ಭಕ್ತರೊಬ್ಬರು ಮಠಕ್ಕೆ ಬಂದರು. ಅವರ ಜೋಳದ ಹೊಲದ ಬದುವಿನ ಬೇವಿನ ಮರದಲ್ಲಿ ನೈಲಾನ್ ಮಾಂಜಾ ದಾರ ಸಿಕ್ಕಿಕೊಂಡಿತ್ತು. ಅದಕ್ಕೆ ರೆಕ್ಕೆ ಕೊಯ್ದುಕೊಂಡು ಹದ್ದೊಂದು ಕೆಳಗೆ ಬಿದ್ದಿತ್ತು. ಮರಾಠಿಯವರು ಘಾರ್ ಎನ್ನುತ್ತಾರಲ್ಲ, ಅದೇ ಹಕ್ಕಿ. ಧೋತರದಲ್ಲಿ ಸುತ್ತಿ ಮನೆಗೆ ಒಯ್ದರೆ ಮನೆಯ ಹಿರಿಯ ತಾಯಿ ಬಾಗಿಲಲ್ಲೇ ತಡೆದರಂತೆ. "ಅದು ಮಾಂಸ ತಿನ್ನುವ ಹಕ್ಕಿ. ಲಿಂಗಪೂಜೆಯ ಮನೆಗೆ ಮಾಂಸ ತರುತ್ತೀಯಾ? ಬದುಕಿಸಿದರೆ ನಾಳೆ ಹತ್ತು ಜೀವ ಕೊಲ್ಲುತ್ತದೆ. ಆ ಪಾಪ ಯಾರಿಗೆ?" ಭಕ್ತರು ಹಕ್ಕಿಯನ್ನು ದನದ ಕೊಟ್ಟಿಗೆಯಲ್ಲಿ ಬುಟ್ಟಿಯಡಿ ಇಟ್ಟು, ಉತ್ತರ ಕೇಳಲು ಬಂದಿದ್ದರು.

ಆ ತಾಯಿಯ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಅದರಲ್ಲಿ ಎರಡು ಪ್ರಶ್ನೆಗಳಿವೆ.

ಮೊದಲನೆಯದು ಕೊಲ್ಲುವ ಪ್ರಾಣಿಯನ್ನು ಉಳಿಸುವ ಮಾತು. ಹದ್ದಿಗೆ ಬೇರೆ ಆಹಾರ ಆರಿಸಿಕೊಳ್ಳುವ ಬುದ್ಧಿಯನ್ನು ಸೃಷ್ಟಿ ಕೊಟ್ಟಿಲ್ಲ. ಹಸಿವಿಗೆ ತಕ್ಕಷ್ಟು ತಿನ್ನುತ್ತದೆ, ಗೋದಾಮು ತುಂಬುವುದಿಲ್ಲ. ಆರಿಸುವ ಶಕ್ತಿ ಇರುವಲ್ಲಿ ಮಾತ್ರ ಪಾಪಪುಣ್ಯದ ಮಾತು. ಹದ್ದು ಇಲಿ ಹಿಡಿದರೆ ಅದು ಸೃಷ್ಟಿಯ ವ್ಯವಹಾರ. ನಾವು ನಡುವೆ ಹೋಗಬೇಕಾಗಿಲ್ಲ. ಆದರೆ ಈ ಹದ್ದಿನ ರೆಕ್ಕೆ ಕೊಯ್ದದ್ದು ಮನುಷ್ಯನ ದಾರ. 2017ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ದೇಶದಾದ್ಯಂತ ನೈಲಾನ್ ಮಾಂಜಾ ನಿಷೇಧಿಸಿದೆ. ಆದರೂ ಮಾರಾಟ ನಿಂತಿಲ್ಲ. ನಾನು ವಾಣಿಜ್ಯ ಓದಿದವನು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ನಾವು ದಾನಿಗಳಲ್ಲ, ಸಾಲಗಾರರು.

ಇಂಥ ಸಾಲ ಇದೊಂದೇ ಅಲ್ಲ. ನಮ್ಮ ದನಗಳಿಗೆ ನೋವು ನಿವಾರಣೆಗೆಂದು ಡೈಕ್ಲೋಫೆನಾಕ್ ಕೊಟ್ಟೆವು. ಸತ್ತ ದನ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ಸರಕಾರ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸುವ ಹೊತ್ತಿಗೆ ಬಹುಪಾಲು ರಣಹದ್ದುಗಳು ಹೋಗಿಬಿಟ್ಟಿದ್ದವು. ದನದ ಮೇಲಿನ ದಯೆ ಸುಳ್ಳಾಗಿರಲಿಲ್ಲ. ಅದರ ಲೆಕ್ಕ ಅರ್ಧಕ್ಕೆ ನಿಂತಿತ್ತು.

ಎರಡನೆಯದು ಮಾಂಸದ ಮಾತು. ನಮ್ಮ ಆಹಾರದ ನೇಮ ನಮ್ಮ ಬಾಯಿಗೆ ಸಂಬಂಧಿಸಿದ್ದು. ಹಕ್ಕಿಗೆ ಯಾರೂ ದೀಕ್ಷೆ ಕೊಟ್ಟಿಲ್ಲ. ದೆಹಲಿಯ ವಜೀರಾಬಾದಿನಲ್ಲಿ ನದೀಮ್ ಶಹಜಾದ್, ಮೊಹಮ್ಮದ್ ಸೌದ್ ಎಂಬ ಅಣ್ಣತಮ್ಮಂದಿರಿದ್ದಾರೆ. ಹಿಂದೊಮ್ಮೆ ಗಾಯಗೊಂಡ ಹದ್ದನ್ನು ಅವರು ಪಕ್ಷಿಗಳ ಆಸ್ಪತ್ರೆಗೆ ಒಯ್ದಾಗ, ಮಾಂಸಾಹಾರಿ ಹಕ್ಕಿಯೆಂದು ಅಲ್ಲಿ ಸೇರಿಸಿಕೊಳ್ಳಲಿಲ್ಲ. ಮುಂದೆ ಅವರು ತಮ್ಮ ಮನೆಯಲ್ಲೇ ಚಿಕಿತ್ಸೆ ಆರಂಭಿಸಿ 20,000ಕ್ಕೂ ಹೆಚ್ಚು ಹಕ್ಕಿಗಳನ್ನು ನೋಡಿಕೊಂಡಿದ್ದಾರೆ. 2022ರಲ್ಲಿ ಬಂದ 'ಆಲ್ ದಟ್ ಬ್ರೀತ್ಸ್' ಎಂಬ ಸಾಕ್ಷ್ಯಚಿತ್ರ ಅವರದೇ ಕಥೆ. ನಮ್ಮ ನೇಮ ನಾವು ಬಿಡಬೇಕಾಗಿಲ್ಲ. ಆದರೆ ನಾವು ಕೈ ಹಾಕಲಾರದ ಸೇವೆಯನ್ನು ಮಾಡುವವರನ್ನು ಕೀಳಾಗಿ ಕಂಡರೆ, ಕಾಯಕದ ಬಗ್ಗೆ ನಾವು ಆಡುವ ಮಾತಿಗೆ ಬೆಲೆ ಉಳಿಯುವುದಿಲ್ಲ.

ವ್ಯವಹಾರದಲ್ಲಿ ಈ ಸಂಕಟ ಚಿಕ್ಕದು. ಗಾಯಗೊಂಡ ಹಕ್ಕಿಗೆ ನಾವು ಏನೂ ತಿನ್ನಿಸಬಾರದು. ಬಾಯಿಗೆ ನೀರು, ಹಾಲು ಹಾಕಿದರೆ ಶ್ವಾಸನಾಳಕ್ಕೆ ಹೋಗಿ ಸಾಯಬಹುದು. ಎಣ್ಣೆ ಹಚ್ಚಿದರೆ ಪುಕ್ಕ ಕೆಡುತ್ತದೆ. ದಪ್ಪ ಬಟ್ಟೆ ಹೊದಿಸಿ ಹಿಡಿಯಬೇಕು. ಕೊಕ್ಕಿಗಿಂತ ಉಗುರಿನ ಅಪಾಯ ಹೆಚ್ಚು. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲೆ ಮತ್ತು ನಿಶ್ಶಬ್ದ ಇರುವಲ್ಲಿ ಇಟ್ಟು ತಕ್ಷಣ ಅರಣ್ಯ ಇಲಾಖೆಗೆ ತಿಳಿಸಬೇಕು. ಚೆನ್ನಾಗಿದೆಯೆಂದು ಸಾಕಿಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಅದು ದಯೆಯೂ ಅಲ್ಲ, ಆಸೆ.

ಆ ದಿನ ಸಂಜೆ ಅರಣ್ಯ ಸಿಬ್ಬಂದಿ ಬಂದು ಹದ್ದನ್ನು ಒಯ್ದರು. ಅದು ಮತ್ತೆ ಹಾರಿತೋ ಇಲ್ಲವೋ ನಮಗೆ ಸುದ್ದಿ ಬರಲಿಲ್ಲ. ಆದರೆ ಭಕ್ತರು ಹೊಲಕ್ಕೆ ಹಿಂದಿರುಗಿ ಬೇವಿನ ಮರ ಹತ್ತಿ, ಉಳಿದ ದಾರವನ್ನೆಲ್ಲ ಬಿಡಿಸಿ ಸುಟ್ಟರು. ಬುಟ್ಟಿಯ ಮೇಲೆ ಹೊದಿಸಿದ್ದ ಹಳೆಯ ಸೀರೆಯ ತುಂಡು ಯಾರದೆಂದು ಕೇಳಿದೆ. "ಅವ್ವಂದೇ. ಬೈಯುತ್ತಲೇ ಕೊಟ್ಟಳು" ಎಂದರು.

ಮಾಂಜಾ ಮಾರುವ ಅಂಗಡಿಗಳಲ್ಲಿ ನಮ್ಮ ಭಕ್ತರ ಅಂಗಡಿಗಳೂ ಇವೆಯೆಂದು ಕೇಳಿದ್ದೇನೆ. ಕಟುವಾಗಿ ಹೇಳುತ್ತಿಲ್ಲ. ಬರುವ ಸಂಕ್ರಾಂತಿಗೆ ಮಾಲು ತರಿಸುವ ಮುನ್ನ ಆ ರೆಕ್ಕೆಯನ್ನು ಒಮ್ಮೆ ನೆನೆಯಿರಿ ಎಂದು ಪ್ರಾರ್ಥನೆ.

— ಕಾರ್ಯದರ್ಶಿ