ನಮ್ಮ ಮನೆಯ ನೀರುಗಂಟಿ

ಹಣ ಕೊಟ್ಟು ಕೊಂಡದ್ದೆಲ್ಲ ನಮ್ಮದಾಗುತ್ತದೆಯೇ? ಪ್ರಶ್ನೆಗೆ ಉತ್ತರ ಸುಲಭವೆಂದೇ ಮೊದಲ ನೋಟಕ್ಕೆ ತೋರುತ್ತದೆ. ಅಂಗಡಿಯ ರಸೀದಿ ಜೇಬಿನಲ್ಲಿದೆ, ವಸ್ತು ಮನೆಯಲ್ಲಿದೆ, ಇನ್ನು ಅನುಮಾನವೇನು? ನೇಗಿಲು ಕೊಂಡ ರೈತನಿಗಾಗಲಿ ಒನಕೆ ಕೊಂಡ ಗೃಹಿಣಿಗಾಗಲಿ ಇಂಥ ಅನುಮಾನ ಬಂದಿರಲಾರದು. ಗುಳ ಸವೆದರೆ ಕಮ್ಮಾರನಿದ್ದ, ಮೇಳಿ ಮುರಿದರೆ ಬಡಗಿಯಿದ್ದ; ಮೊದಲು ಮಾಡಿದವನ ಅಪ್ಪಣೆಗಾಗಿ ಯಾರೂ ಕಾಯಬೇಕಾಗಿರಲಿಲ್ಲ. ಇಂದು ನಮ್ಮ ಮನೆಗಳಿಗೆ ಬಂದು ಕುಳಿತಿರುವ ಕೆಲವು ವಸ್ತುಗಳು ಬೇರೆ ಬಗೆಯವು. ಅವುಗಳ ಒಡಲು ನಮ್ಮದು, ಬುದ್ಧಿ ಮಾತ್ರ ಇನ್ನೊಬ್ಬರದು. ಅಂಥ ಒಂದು ವಸ್ತುವಿನ ನೆಪದಲ್ಲಿ ಒಡೆತನವೆಂಬ ಹಳೆಯ ಮಾತನ್ನು ಕೊಂಚ ಬಗೆದು ನೋಡಬೇಕೆಂದು ನನ್ನ ಆಸೆ.

ವಸ್ತು ದೊಡ್ಡದೇನಲ್ಲ. ಗೋಡೆಯ ಗೂಡಿನಲ್ಲಿ ಎರಡು ಕೊಂಬು ಚಾಚಿ ಕುಳಿತು ದೀಪ ಮಿಣುಕಿಸುವ ಪುಟ್ಟ ಪೆಟ್ಟಿಗೆ. ಪೇಟೆಯಲ್ಲಿ ಅದಕ್ಕೆ ರೂಟರ್ ಎಂದು ಹೆಸರು. ನಮ್ಮ ಮನೆಯಲ್ಲಿ ಅದು ವೈ-ಫೈ ಡಬ್ಬ. ನಾನಿರುವುದು ಸೋಲೂರಿನಲ್ಲಿ. ಈ ಹೋಬಳಿ ಕೇಂದ್ರವನ್ನು, ಬೆಂಗಳೂರಿನಿಂದ ಕುಣಿಗಲ್ ಮಾರ್ಗವಾಗಿ ಹಾಸನಕ್ಕೆ ಹೋಗುವವರು ಬಸ್ಸಿನ ಕಿಟಕಿಯಿಂದಲಾದರೂ ಕಂಡಿರುತ್ತಾರೆ. ಮಗಳ ಪಾಠ, ನನ್ನ ಕಾಲೇಜಿನ ಅಂಕಪಟ್ಟಿ, ವಿದ್ಯುತ್ತಿನ ಬಿಲ್ಲು, ದೂರದಲ್ಲಿರುವ ಬಂಧುಗಳ ಮುಖದರ್ಶನ, ಎಲ್ಲವೂ ಈಗ ಆ ಡಬ್ಬದ ಮೂಲಕವೇ ಒಳಗೆ ಬರಬೇಕು.

ಅದರ ಕೆಲಸವೇನೆಂದು ಕೇಳಿದರೆ ನನಗೆ ನೀರುಗಂಟಿಯ ನೆನಪಾಗುತ್ತದೆ. ಹಳೆಯ ಮೈಸೂರು ಸೀಮೆಯ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವವನು ಅವನೇ. ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನೂ ಅವನೇ. ಸುಗ್ಗಿಯಲ್ಲಿ ರೈತರ ಕಣದಿಂದ ಅವನ ಪಾಲಿನ ಕಾಳು ಸಲ್ಲುತ್ತಿತ್ತು. ಆದುದರಿಂದ ಅವನು ಊರಿನ ಆಳು, ಊರಿಗೆ ಉತ್ತರ ಹೇಳಬೇಕಾದವನು. ರೂಟರ್ ಮಾಡುವುದೂ ಇದನ್ನೇ. ಹೊರಗಿನ ತಂತಿಯಿಂದ ಬಂದುದನ್ನು ಈ ಫೋನಿಗಿಷ್ಟು, ಆ ಕಂಪ್ಯೂಟರಿಗಿಷ್ಟು ಎಂದು ಹಂಚುತ್ತದೆ. ಕೇಳದೆ ಒಳನುಗ್ಗುವುದನ್ನು ಬಾಗಿಲಲ್ಲೇ ತಡೆಯುತ್ತದೆ. ಹೇಗೆ ಹಂಚಬೇಕು, ಯಾರನ್ನು ತಡೆಯಬೇಕು ಎಂಬ ಕಟ್ಟಳೆಗಳೆಲ್ಲ ಅದರೊಳಗಿನ ಒಂದು ಚಿಪ್ಪಿನಲ್ಲಿ ಬರೆದಿರುತ್ತವೆ. ಆ ಬರೆಹಕ್ಕೆ ಫರ್ಮ್‌ವೇರ್ ಎಂದು ಹೆಸರು. ಬರೆದವರು ತಯಾರಕರು, ತಿದ್ದಬಲ್ಲವರೂ ಸಾಮಾನ್ಯವಾಗಿ ಅವರೇ. ಹಾಗಾದರೆ ನಮ್ಮ ಮನೆಯ ನೀರುಗಂಟಿ ಯಾರ ಆಳು?

ಎಲ್ಲವೂ ಸರಿಯಾಗಿ ನಡೆಯುವವರೆಗೆ ಈ ಪ್ರಶ್ನೆ ಏಳುವುದಿಲ್ಲ. ನಮ್ಮ ಡಬ್ಬಕ್ಕೆ ಆರು ವರ್ಷವಾಗಿತ್ತು. ಕಟ್ಟಳೆಯ ಬರೆಹದಲ್ಲಿ ಬಿರುಕು ಕಂಡಾಗ ತಯಾರಕರು ತಿದ್ದುಪಡಿ ಕಳಿಸುವುದುಂಟು. ನಮ್ಮದಕ್ಕೆ ಅದು ನಿಂತೇ ಹೋಗಿತ್ತು. ಡಬ್ಬ ಗಟ್ಟಿಮುಟ್ಟಾಗಿತ್ತು, ದೀಪ ಉರಿಯುತ್ತಿತ್ತು. ಆದರೆ ಅದರ ಬುದ್ಧಿಯನ್ನು ಕಾಯುವವರು ಯಾರೂ ಇರಲಿಲ್ಲ. ಹೊಸದನ್ನು ಕೊಳ್ಳಬೇಕೆಂದು ನಾನು ಹೊರಟಾಗ, ಡಿಪ್ಲೊಮಾ ಓದುತ್ತಿರುವ ಅಕ್ಕನ ಮಗ ತಡೆದ. “ಮಾವ, ಡಬ್ಬ ಎಸೆಯೋದು ಯಾಕೆ? ಒಳಗಿರೋದನ್ನ ತೆಗೆದು ಬೇರೆ ಹಾಕೋಣ. ಓಪನ್‌ಡಬ್ಲ್ಯುಆರ್‌ಟಿ ಅಂತ ಇದೆ, ದುಡ್ಡಿಲ್ಲ,” ಎಂದ. ಒಳಗಿನಿಂದ ನನ್ನ ಹೆಂಡತಿಯ ಮಾತು ಬಂದಿತು: “ರೀ, ನಡೀತಿರೋದನ್ನ ಯಾಕೆ ಬಿಚ್ತೀರಿ? ಮಗೂಗೆ ಸೋಮವಾರ ಪರೀಕ್ಷೆ.”

ಈ ಎರಡು ಮಾತುಗಳ ನಡುವೆ ಇಡೀ ಪ್ರಶ್ನೆ ಇದೆಯೆಂದು ನನಗೆ ತೋರುತ್ತದೆ. ಒಂದು ಸ್ವಾತಂತ್ರ್ಯದ ಮಾತು. ಇನ್ನೊಂದು ಹೊಣೆಯ ಮಾತು. ಒಂದನ್ನು ಮಾತ್ರ ಕೇಳುವವನಿಗೆ ಸತ್ಯದ ಅರ್ಧವಷ್ಟೇ ಸಿಕ್ಕೀತು.

ಮೊದಲು ಸ್ವಾತಂತ್ರ್ಯದ ಕಥೆ. 2002ರ ಕೊನೆಯಲ್ಲಿ ಲಿಂಕ್‌ಸಿಸ್ ಎಂಬ ಅಮೆರಿಕದ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರನ್ನು ಮಾರುಕಟ್ಟೆಗೆ ತಂದಿತು. ಅದರ ಒಳಗಿನ ಬರೆಹದಲ್ಲಿ ಲಿನಕ್ಸ್‌ನ ಭಾಗಗಳಿರುವುದನ್ನು 2003ರಲ್ಲಿ ಕೆಲವರು ಪತ್ತೆಹಚ್ಚಿದರು. ಲಿನಕ್ಸನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಅದರ ಪರವಾನಗಿಯಲ್ಲಿ ಒಂದು ಷರತ್ತು ಉಂಟು. ಅದನ್ನು ಸೇರಿಸಿ ವಸ್ತು ಮಾಡಿ ಮಾರಿದವರು, ಕೊಂಡವರಿಗೆ ಆ ಬರೆಹದ ಮೂಲವನ್ನೂ ತೆರೆದು ಕೊಡಬೇಕು. ಪಡೆದುದನ್ನು ಮುಚ್ಚಿಡಬಾರದು ಎಂಬ ಈ ಕರಾರು ನಮಗೆ ಹೊಸದೇನಲ್ಲ. ಕೆರೆಯ ನೀರನ್ನು ತನ್ನ ಗದ್ದೆಗೆ ಹರಿಸಿಕೊಂಡವನು ಕೆಳಗಿನ ಗದ್ದೆಗೆ ಬಿಡಲೇಬೇಕು. ಒತ್ತಾಯ ಬಂದ ಮೇಲೆ ಕಂಪನಿ ಅದೇ ವರ್ಷ ಮೂಲವನ್ನು ಬಹಿರಂಗಗೊಳಿಸಿತು. ಅದರ ತಳಹದಿಯ ಮೇಲೆ 2004ರಲ್ಲಿ ಆರಂಭವಾದುದೇ ಓಪನ್‌ಡಬ್ಲ್ಯುಆರ್‌ಟಿ. ಆ ಹಳೆಯ ರೂಟರಿನ ಹೆಸರು ಅದರ ಹೆಸರಿನಲ್ಲಿ ಇನ್ನೂ ಉಳಿದಿದೆ. ಡಿಡಿ-ಡಬ್ಲ್ಯುಆರ್‌ಟಿ, ಟೊಮ್ಯಾಟೊ ಮೊದಲಾದ ದಾಯಾದಿಗಳೂ ಹುಟ್ಟಿಕೊಂಡವು. ಒಬ್ಬರನ್ನೊಬ್ಬರು ಮುಖ ನೋಡದವರು, ಬೇರೆ ಬೇರೆ ದೇಶಗಳವರು, ಬಹುಮಟ್ಟಿಗೆ ಸಂಬಳವಿಲ್ಲದೆ, ತಯಾರಕರು ಕೈಬಿಟ್ಟ ಡಬ್ಬಗಳಿಗೆ ಹೊಸ ಬುದ್ಧಿ ಬರೆಯುತ್ತ ಬಂದಿದ್ದಾರೆ. ಲೋಕದಲ್ಲಿ ಇಂಥದೂ ನಡೆಯುತ್ತದೆಂಬುದು ಸಮಾಧಾನದ ಸಂಗತಿ.

ಇನ್ನು ಹೊಣೆಯ ಮಾತು. ಬಿಟ್ಟಿ ಸಿಕ್ಕುತ್ತದೆಂದು ಕಣ್ಣು ಮುಚ್ಚಿ ತೆಗೆದುಕೊಳ್ಳುವಂಥದಲ್ಲ ಇದು. ನನ್ನ ಸೋದರಳಿಯ ಮಾಡಿದ ಮೊದಲ ಕೆಲಸವೆಂದರೆ ಡಬ್ಬವನ್ನು ಬೋರಲು ಹಾಕಿ ತಳದ ಚೀಟಿಯನ್ನು ಓದಿದ್ದು. ಒಂದೇ ಹೆಸರು, ಒಂದೇ ಬಣ್ಣ, ಒಂದೇ ಬೆಲೆಯ ರೂಟರುಗಳಲ್ಲಿ ಒಂದನೆಯ ಆವೃತ್ತಿ, ಎರಡನೆಯ ಆವೃತ್ತಿ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಒಳಗಿನ ಚಿಪ್ಪುಗಳು ಪೂರ್ತಿ ಬೇರೆಯಾಗಿರಬಹುದು. ಒಂದರ ಫರ್ಮ್‌ವೇರ್ ಇನ್ನೊಂದಕ್ಕೆ ವಿಷ. ಆಮೇಲೆ ನೋಡಬೇಕಾದುದು ಜಾಗ. ಓಪನ್‌ಡಬ್ಲ್ಯುಆರ್‌ಟಿಗೆ ಕನಿಷ್ಠ 8 ಮೆಗಾಬೈಟ್ ಸಂಗ್ರಹವೂ 64 ಮೆಗಾಬೈಟ್ ರ‍್ಯಾಮೂ ಬೇಕು. 16 ಮತ್ತು 128 ಇದ್ದರೆ ನಿರಾಳ. ಅದರ ಅರ್ಧವಷ್ಟೇ, ಎಂದರೆ 4 ಮತ್ತು 32 ಇರುವ ಹಳೆಯವಕ್ಕೆ 2020ರಲ್ಲಿ ಬಂದ 19.07ನೆಯ ಆವೃತ್ತಿಯೇ ಕೊನೆ. ಮೂರನೆಯದಾಗಿ, ವೈ-ಫೈ ಚಿಪ್ಪು ಯಾರು ಮಾಡಿದ್ದು? ಮೀಡಿಯಾಟೆಕ್, ಕ್ವಾಲ್ಕಾಮ್ ಚಿಪ್ಪುಗಳು ಅನೇಕವು ಚೆನ್ನಾಗಿ ಒಗ್ಗುತ್ತವೆ. ಬ್ರಾಡ್‌ಕಾಮ್‌ನವು ಒಳಗುಟ್ಟನ್ನು ಬಿಟ್ಟುಕೊಡದಿರುವುದರಿಂದ ಸಾಮಾನ್ಯವಾಗಿ ಒಗ್ಗವು, ಅವಕ್ಕೆ ಟೊಮ್ಯಾಟೊ ಅಥವಾ ಡಿಡಿ-ಡಬ್ಲ್ಯುಆರ್‌ಟಿಯೇ ಗತಿ. ಆಯ್ಕೆಯೆಂಬುದು ಇಷ್ಟಾನಿಷ್ಟದ ಮಾತಲ್ಲ; ಕೈಲಿರುವ ವಸ್ತುವಿನ ಸ್ವಭಾವವನ್ನು ಅರಿತು ನಡೆಯುವ ಮಾತು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಬಂದ ಭಾನುವಾರ ಕೆಲಸ ನಡೆಯಿತು. ಹೆಂಡತಿಯ ಮಾತಿಗೆ ಸಂದ ಗೌರವ ಅದು, ನ್ಯಾಯವೂ ಅದೇ. ಡಬ್ಬದ ರಸೀದಿ ನನ್ನ ಹೆಸರಿನಲ್ಲಿದ್ದರೂ ಅದರ ನೀರು ಕುಡಿಯುವವರು ನಾಲ್ಕು ಜನ. ನನ್ನ ಸ್ವಾತಂತ್ರ್ಯದ ಪ್ರಯೋಗಕ್ಕೆ ಅವರ ದಿನಗಳನ್ನು ಒತ್ತೆಯಿಡುವ ಅಧಿಕಾರ ನನಗಿಲ್ಲ. ಹುಡುಗ ಇಳಿಸಿಕೊಂಡ ಕಡತದ ಪರೀಕ್ಷಾಸಂಖ್ಯೆಯನ್ನು ಪ್ರಕಟವಾದ ಸಂಖ್ಯೆಯೊಡನೆ ತಾಳೆ ನೋಡಿದ. ಮೊದಲ ಸಲಕ್ಕೆ ಬೇಕಾದ ಕಡತ ಬೇರೆ, ಮುಂದಿನ ನವೀಕರಣದ ಕಡತ ಬೇರೆ ಎಂದು ವಿವರಿಸಿದ. ಗಾಳಿಯ ಮೂಲಕವಲ್ಲದೆ ತಂತಿ ಜೋಡಿಸಿಯೇ ಕಳಿಸಿದ. ಎಲ್ಲಕ್ಕಿಂತ ಮುಖ್ಯವಾಗಿ, ಡಬ್ಬವನ್ನು ಯುಪಿಎಸ್‌ಗೆ ಸಿಕ್ಕಿಸಿದ. ಬರೆಹ ನಡೆಯುತ್ತಿರುವ ಆ ಎರಡು ಮೂರು ನಿಮಿಷಗಳಲ್ಲಿ ಕರೆಂಟು ಹೋದರೆ ಡಬ್ಬ ಸತ್ತಂತೆಯೇ. ಹೀಗೆ ಸತ್ತುದನ್ನು ಈ ವಿದ್ಯೆಯವರು ‘ಇಟ್ಟಿಗೆ’ ಎನ್ನುತ್ತಾರೆ. ಗೋಡೆಗೆ ಇಡಲು ಮಾತ್ರ ಯೋಗ್ಯವೆಂದು.

ಮುಗಿದಾಗ ದೀಪ ಉರಿಯಿತು, ವೈ-ಫೈ ಮಾತ್ರ ಎಲ್ಲಿಯೂ ಕಾಣಲಿಲ್ಲ. ಇಟ್ಟಿಗೆಯಾಯಿತೆಂದೇ ಮನೆಯವರೆಲ್ಲ ಭಾವಿಸಿದರು. ಹುಡುಗ ನಕ್ಕ. ಬೀಗವಿಲ್ಲದ ಬಾಗಿಲನ್ನು ತೆರೆದಿಡಬಾರದೆಂದು ಓಪನ್‌ಡಬ್ಲ್ಯುಆರ್‌ಟಿ ವೈ-ಫೈಯನ್ನು ಸಾಮಾನ್ಯವಾಗಿ ಮುಚ್ಚಿಯೇ ಇಟ್ಟಿರುತ್ತದೆ. ತಂತಿಯ ಮೂಲಕ ಒಳಹೊಕ್ಕು, ಗುಪ್ತಪದ ಇಟ್ಟು, ನಾವೇ ತೆರೆಯಬೇಕು. ತೆರೆದ ಮೇಲೆ ವೈ-ಫೈ ಬಂದಿತು, ಅಂತರ್ಜಾಲ ಬರಲಿಲ್ಲ. ಸಂಪರ್ಕ ಕೊಟ್ಟವರು ಇಟ್ಟಿದ್ದ ಮೋಡೆಮ್ಮಿನ ವಿಳಾಸವೂ 192.168.1.1, ನಮ್ಮ ಡಬ್ಬದ ವಿಳಾಸವೂ ಅದೇ. ಒಂದೇ ಬೀದಿಯಲ್ಲಿ ಒಂದೇ ನಂಬರಿನ ಎರಡು ಮನೆಗಳಿದ್ದರೆ ಅಂಚೆಯವನೇನು ಮಾಡಿಯಾನು? ನಮ್ಮದನ್ನು 192.168.2.1 ಎಂದು ಬದಲಿಸಿದೊಡನೆ ತೂಬು ತೆರೆಯಿತು. ಬೇರೆ ಮನೆಗಳಲ್ಲಿ ಬೇರೆ ತೊಡಕುಗಳು ಬರಬಹುದು: ಸಂಪರ್ಕದ ಬಳಕೆದಾರ ಹೆಸರು ಮರೆತಿರಬಹುದು, ಕಂಪನಿಯವರು ಹಳೆಯ ಸಾಧನದ ಗುರುತನ್ನೇ ನಂಬಿ ಕುಳಿತಿರಬಹುದು. ಕಟ್ಟಳೆಗಳು ಕೆಟ್ಟು ಒಳಹೋಗಲಾಗದಿದ್ದರೆ, ಡಬ್ಬ ಏಳುತ್ತಿರುವಾಗ ಗುಂಡಿ ಒತ್ತಿ ‘ಫೇಲ್‌ಸೇಫ್’ ಎಂಬ ಹಿತ್ತಿಲ ಬಾಗಿಲಿನಿಂದ ಪ್ರವೇಶಿಸಬಹುದು. ಇವೆಲ್ಲವನ್ನೂ ನೋಡುತ್ತ ನನಗನ್ನಿಸಿದ್ದು ಇಷ್ಟು: ಹಿಂದೆ ಕೆಟ್ಟಾಗ ದೂರವಾಣಿ ಹಿಡಿದು ಯಾರದೋ ದಯೆಗಾಗಿ ಕಾಯುತ್ತಿದ್ದೆವು; ಈಗ ಕೆಟ್ಟುದಕ್ಕೆ ಕಾರಣ ಹುಡುಕುತ್ತಿದ್ದೇವೆ. ತೊಂದರೆ ಕಡಿಮೆಯಾಗಲಿಲ್ಲ, ಅದರ ಎದುರಿಗೆ ನಮ್ಮ ನಿಲುವು ಬದಲಾಯಿತು.

ಫಲವೇನು ಎಂದು ಕೇಳುವವರಿಗೆ ಒಂದು ಮಾತು. ನಮ್ಮಲ್ಲಿ ಒಬ್ಬರು ಚಲನಚಿತ್ರ ಇಳಿಸಿಕೊಳ್ಳಲು ತೊಡಗಿದರೆ ಮಗಳ ಪಾಠ ತಡವರಿಸುತ್ತಿತ್ತು. ಇದು ನೀರಿನ ಅಭಾವವಲ್ಲ, ಸಾಲಿನ ಅನ್ಯಾಯ. ದೊಡ್ಡ ಹೊರೆ ಹೊತ್ತವನು ಕಾಲುವೆಯನ್ನು ತುಂಬಿ ನಿಂತರೆ ಚೆಂಬು ಹಿಡಿದು ಬಂದವನೂ ಅವನ ಹಿಂದೆ ಕಾಯಬೇಕು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಈ ಸಾಲನ್ನು ಚಿಕ್ಕದಾಗಿಡುವ ಒಂದು ಉಪಾಯವನ್ನು ಪ್ರಕಟಿಸಿದರು. ಅದರಿಂದ ಬೆಳೆದ ವಿಧಾನಗಳು ಓಪನ್‌ಡಬ್ಲ್ಯುಆರ್‌ಟಿಯಲ್ಲಿವೆ. ತಂತಿಯ ವೇಗಕ್ಕಿಂತ ಕೊಂಚ ಕಡಿಮೆಯ ಮಿತಿ ಹಾಕಿದರೆ ಚೆಂಬಿನವನಿಗೆ ಬೇಗ ದಾರಿ ಸಿಕ್ಕುತ್ತದೆ. ಯಾರಿಗೆ ಮೊದಲು ಎಂಬುದು ತಂತ್ರದ ಪ್ರಶ್ನೆಯಂತೆ ಕಂಡರೂ ನೀತಿಯ ಪ್ರಶ್ನೆ. ಅದನ್ನು ತೀರ್ಮಾನಿಸುವ ಅವಕಾಶ ಮನೆಯವರಿಗೆ ದೊರೆತದ್ದೇ ನಿಜವಾದ ಫಲ.

ಆದರೆ ಮನೆಯ ಗೋಡೆಗಳೊಳಗೆ ಮುಗಿಯುವ ಅಧಿಕಾರವಲ್ಲ ಇದು. ರೂಟರ್ ಆಕಾಶದಲ್ಲಿ ಮಾತಾಡುತ್ತದೆ. ಆಕಾಶ ನೆರೆಯವರದೂ ಹೌದು. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿಯೂ 5 ಗಿಗಾಹರ್ಟ್ಸ್‌ನ ವಿಶಾಲ ಭಾಗಗಳನ್ನು 2018ರಲ್ಲಿಯೂ ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟರು. ಶಕ್ತಿಯ ಮಿತಿಯೊಳಗೆ ಎಂಬ ಕಟ್ಟುಪಾಡಿನೊಡನೆ. ದೇಶ ಯಾವುದೆಂದು ಕೇಳುವ ಕಡೆ ಭಾರತವೆಂದೇ ನಮೂದಿಸಬೇಕು. ಹೆಚ್ಚು ಶಕ್ತಿ ಸಿಕ್ಕೀತೆಂದು ಬೇರೆ ದೇಶದ ಹೆಸರು ಹಾಕುವುದು, ಗೋಮಾಳಕ್ಕೆ ಬೇಲಿ ಸರಿಸಿದಂತೆ. 2016ರಲ್ಲಿ ಅಮೆರಿಕದಲ್ಲಿ ಇಂಥದೇ ವಿವಾದ ತೀರ್ಮಾನವಾಯಿತು. ಶಕ್ತಿಯ ಮಿತಿ ಮೀರಲು ಅವಕಾಶವಿದ್ದ ರೂಟರುಗಳನ್ನು ಮಾರಿದುದಕ್ಕಾಗಿ ಟಿಪಿ-ಲಿಂಕ್ ಕಂಪನಿ ಎರಡು ಲಕ್ಷ ಡಾಲರ್ ದಂಡ ತೆತ್ತಿತು. ಜೊತೆಗೆ, ಹೊರಗಿನವರ ಫರ್ಮ್‌ವೇರ್ ಹಾಕಲು ಎಡೆಗೊಡುವುದಾಗಿಯೂ ಒಪ್ಪಿತು. ಮಿತಿಯೂ ಇರಲಿ, ಸ್ವಾತಂತ್ರ್ಯವೂ ಇರಲಿ ಎಂಬ ಆ ತೀರ್ಮಾನ ವಿವೇಕದ್ದು.

ಹಾಗಾದರೆ ಎಲ್ಲರೂ ತಮ್ಮ ಡಬ್ಬವನ್ನು ಬಿಚ್ಚಬೇಕೆ? ಬೇಡ. ಬಿಡುವಿಲ್ಲದವರು, ಆಸಕ್ತಿಯಿಲ್ಲದವರು, ತಯಾರಕರು ಇನ್ನೂ ತಿದ್ದುಪಡಿ ಕಳಿಸುತ್ತಿರುವವರು ಸುಮ್ಮನಿರುವುದೇ ಲೇಸು. ಒಮ್ಮೆ ಕೈಹಾಕಿದವನು ಮುಂದಿನ ನವೀಕರಣಗಳನ್ನೂ ತಾನೇ ನೋಡಿಕೊಳ್ಳಬೇಕು. ಹಾಕಿ ಮರೆತರೆ ತಯಾರಕರು ಮರೆತದ್ದಕ್ಕೂ ನಾವು ಮರೆತದ್ದಕ್ಕೂ ಭೇದವಿಲ್ಲ. ಮರೆತ ಡಬ್ಬಗಳ ಗತಿಯನ್ನು 2018ರಲ್ಲಿ ಲೋಕ ಕಂಡಿತು: ವಿಪಿಎನ್‌ಫಿಲ್ಟರ್ ಎಂಬ ಕೇಡಿನ ತಂತ್ರಾಂಶ ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು ಐದು ಲಕ್ಷ ಸಾಧನಗಳೊಳಗೆ ನುಸುಳಿತ್ತು, ಅವುಗಳಲ್ಲಿ ಬಹುಪಾಲು ಮನೆ ಮತ್ತು ಸಣ್ಣ ಕಚೇರಿಗಳ ರೂಟರುಗಳು. ಹೀಗೆ ಕಾವಲಿಲ್ಲದ ಮನೆ ತನಗೆ ಮಾತ್ರವಲ್ಲ, ಬೀದಿಗೂ ಅಪಾಯ.

ಆದರೂ ನೂರಕ್ಕೆ ಒಬ್ಬರೇ ಬಿಚ್ಚುವರೆಂಬ ಕಾರಣಕ್ಕೆ ಬಿಚ್ಚುವ ಹಕ್ಕೇ ಬೇಡವೆನ್ನುವುದು ಸರಿಯಲ್ಲ. ಊರಿನ ಲೆಕ್ಕವನ್ನು ಎಲ್ಲರೂ ತೆಗೆದು ನೋಡುವುದಿಲ್ಲ. ಯಾರಾದರೂ ನೋಡಬಹುದೆಂಬುದರಿಂದಲೇ ಲೆಕ್ಕ ನೆಟ್ಟಗಿರುತ್ತದೆ. ಆ ಒಬ್ಬರ ಹಕ್ಕು ಉಳಿದ ತೊಂಬತ್ತೊಂಬತ್ತು ಜನರ ರಕ್ಷೆ. ನಮ್ಮಿಂದ ದೂರವೇನಿಲ್ಲದ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ, ಜನಸ್ತು ಎಂಬ ಸಂಸ್ಥೆ ಹಳ್ಳಿಯವರೊಡನೆ ಕೂಡಿ ಸಮುದಾಯವೇ ಒಡೆತನ ವಹಿಸುವ ನಿಸ್ತಂತು ಜಾಲದ ಪ್ರಯೋಗ ನಡೆಸಿದೆ. ಸಾಧನಗಳ ಬುದ್ಧಿಗೆ ಬೀಗ ಬಿದ್ದಿದ್ದರೆ ಇಂಥ ಪ್ರಯತ್ನ ಮೊಳೆಯುವುದೇ ಕಷ್ಟ.

ಒಡೆತನವೆಂದರೆ ಇಟ್ಟುಕೊಳ್ಳುವುದಲ್ಲ, ಬಳಸುವುದೂ ಅಲ್ಲ. ಕೆಟ್ಟಾಗ ತಿದ್ದಬಲ್ಲೆವು ಮತ್ತು ಅದರಿಂದಾದುದಕ್ಕೆ ಉತ್ತರ ಹೇಳಬಲ್ಲೆವು ಎಂಬುದು. ಈ ಎರಡರಲ್ಲಿ ಮೊದಲನೆಯದನ್ನು ತಯಾರಕರು ನಮಗೆ ಬಿಟ್ಟುಕೊಡಲಿ ಎಂದು ಕೇಳುವುದು ನ್ಯಾಯ. ಎರಡನೆಯದನ್ನು ಯಾರೂ ಬಿಟ್ಟುಕೊಡಬೇಕಾಗಿಲ್ಲ. ಅದನ್ನು ನಾವೇ ತೆಗೆದುಕೊಳ್ಳಬೇಕು. ನೀರುಗಂಟಿ ಯಾರ ಆಳು ಎಂಬ ಪ್ರಶ್ನೆಗೆ ಉತ್ತರ ರಸೀದಿಯಲ್ಲಿಲ್ಲ. ಅವನನ್ನು ಪ್ರತಿದಿನ ಕೇಳುವವರು, ಅವನ ಕೆಲಸವನ್ನು ನೋಡುವವರು ಯಾರೋ, ಅವನು ಅವರ ಆಳು.